ಸ್ವರೂಪನ ಟ್ಯಾಂಕಿಗೆ ನನ್ನ ಕೆಸರು

7 ಆಗಸ್ಟ್ 1999, ಶನಿವಾರ

ಎಲ್ಲಕ್ಕಿಂತ ಮುಂದೆ ನಿಲ್ಲೋದು ಸ್ವರೂಪನ ಟ್ಯಾಂಕ್ ಅಂತೆ. ಹದಿನೈದನೇ ತಾರೀಕು ಮಂಡಿ ಮೊಹಲ್ಲಾದಲ್ಲಿ ಇಡೋ ಯುದ್ಧದ ಮಾಡೆಲ್‌ಗೆ ನಾವು ಹುಡುಗರು ತಲಾ ಒಂದು ಟ್ಯಾಂಕ್ ಮಾಡ್ತಿದ್ದೀವಿ. ನಾನು ರಟ್ಟು ಕತ್ತರಿಸಿ, ಸೈಕಲ್ ಟ್ಯೂಬಿನಲ್ಲಿ ಚೈನ್ ಮಾಡಿ ಒದ್ದಾಡಿದೆ. ಅವನಿಗೆ ಸಿಂಗಪುರದ ಚಿಕ್ಕಪ್ಪ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟ. ಅಂಟಿಸಿದ, ಅಷ್ಟೇ. ಚೆನ್ನಾಗಿದೆ. ಹೊಟ್ಟೆ ಉರೀತಿದೆ.

"ಹೊಸ ಆಟದ ಸಾಮಾನ್ ತರ ಕಾಣ್ತದೆ ಕಣೋ, ನೀನೇ ಕೆಸರು ಹಚ್ಕೊಟ್ಬುಡು" ಅಂದ.

"ನಿಮ್ ಚಿಕ್ಕಪ್ಪ ಕೆಸರು ತರ್ಲಿಲ್ವಾ?" ಅಂದೆ. ಅವನೂ ನಕ್ಕ. ಅದಕ್ಕೇ ಇನ್ನೂ ಸಿಟ್ಟು.

ಟ್ಯಾಂಕ್ ಮನೆಗೆ ತಂದೆ. ಬೆಟ್ಟದ ಕೆಂಪು ಮಣ್ಣು ಜರಡಿ ಹಿಡಿದು ಅಂಟಿನಲ್ಲಿ ಕಲಸಿದೆ. ಚೆನ್ನಾಗಿ ಹಚ್ಚಿದರೆ ಜನ ಅವನದನ್ನೇ ನೋಡ್ತಾರೆ. ಕೆಡಿಸೋಣ ಅಂತ ಒಂದು ಚಕ್ರಕ್ಕೆ ದಪ್ಪಗೆ ಮೆತ್ತಿದೆ. ಹಾಳಾದ್ದು, ಈಗ ನಿಜವಾದ ಟ್ಯಾಂಕಿನ ಹಾಗೇ ಕಾಣ್ತಿದೆ.