ತಮ್ಮನನ್ನು ಎತ್ತಿಕೊಂಡು ಪರೀಕ್ಷೆಗೆ

ಫೆಬ್ರವರಿ 10, ಮಂಗಳವಾರ

ಮಗಳು ಮಲಗಿದ್ದಾಳೆ, ನನಗೆ ನಿದ್ದೆ ಹತ್ತುತ್ತಿಲ್ಲ. ನನ್ನ ಕ್ಲಾಸಿನ ಆ ಹುಡುಗಿ ನಾಳೆಯೂ ಪರೀಕ್ಷೆಗೆ ಬರುತ್ತಾಳೋ ಇಲ್ಲವೋ ಎಂಬುದೇ ತಲೆ ಕೊರೆಯುತ್ತಿದೆ.

ಅವಳಮ್ಮ ಕೆಲಸಕ್ಕೆ ಸೇರಿದಾಗಿನಿಂದ ಪುಟ್ಟ ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಉಳಿದಿದ್ದಳು. ಈ ವಾರದ ಪರೀಕ್ಷೆ ತಪ್ಪಿಸಿಕೊಂಡರೆ ಹತ್ತನೇ ತರಗತಿ ಅಲ್ಲಿಗೇ ನಿಂತಂತೆ. ನಿನ್ನೆ ಫೋನಿನಲ್ಲಿ, "ಅವನನ್ನೂ ಎತ್ಕೊಂಡು ಬಾರೇ" ಅಂದುಬಿಟ್ಟೆ, ಯಾರನ್ನೂ ಕೇಳದೆ. ಇವತ್ತು ನಿಜವಾಗಿಯೂ ಎತ್ತಿಕೊಂಡೇ ಬಂದಳು.

ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. "ಇವನಿಗೂ ಅಡ್ಮಿಷನ್ ಬೇಕಂತಾ?"

"ನಾನು ನೋಡ್ಕೋತೀನಿ ಮೇಡಂ."

"ನೋಡ್ಕೊಳ್ಳಿ. ಅತ್ರೆ ಮಾತ್ರ ನನ್ನ ರೂಮಿಗೆ ತರ್ಬೇಡಿ."

ನನ್ನ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬಂದು, ಇನ್ನೊಬ್ಬರ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ವರಾಂಡದಲ್ಲಿ ಓಡಾಡಿದೆ. ನನ್ನ ಜಡೆಯನ್ನು ಬಿಡಲೇ ಇಲ್ಲ, ಪೋಕರಿ. ಒಳಗೆ ಪರೀಕ್ಷೆ ಬರೆಯುತ್ತಿದ್ದ ಅವಳು ಮೊದಮೊದಲು ಒಂದೊಂದು ಲೆಕ್ಕಕ್ಕೂ ಕಿಟಕಿಯತ್ತ ನೋಡುತ್ತಿದ್ದಳು. ಆಮೇಲೆ ನೋಡುವುದನ್ನೇ ಮರೆತಳು. ಅವನು ಅತ್ತಾಗಲೂ ತಲೆ ಎತ್ತಲಿಲ್ಲ. ಎಷ್ಟು ದಿನಗಳ ಮೇಲೆ ಅವಳು ಬರೀ ವಿದ್ಯಾರ್ಥಿನಿಯಾಗಿದ್ದಳೋ. ನನಗೆ ಕಣ್ಣು ತುಂಬಿ ಬಂತು.

ಹೊರಡುವಾಗ ಅವನನ್ನು ಸೊಂಟಕ್ಕೇರಿಸಿಕೊಂಡು ಹೇಳಿದಳು: "ನಾಳೆ ಇನ್ನೊಂದು ಜೊತೆ ಬಟ್ಟೆ ತರ್ತೀನಿ ಮಿಸ್. ನಿಮ್ಮ ಸೀರೆಯೆಲ್ಲ ಒದ್ದೆ ಮಾಡಿದಾನೆ."

ಬಟ್ಟೆಯ ಬಗ್ಗೆ ಯೋಚಿಸಿದವಳು ಬಂದೇ ಬರುತ್ತಾಳೆ. ನಾಳೆ ಹಳೆಯ ಸೀರೆ ಉಟ್ಟುಕೊಂಡು ಹೋದರಾಯಿತು.