ಅತ್ತೆ ನೋಡಿದ ಫೋಟೊ

ಏಪ್ರಿಲ್ 5, 2026, ಭಾನುವಾರ. ಬ್ರಾಗಾ, ಪೋರ್ಚುಗಲ್

ಬೈಸಿಕೊಂಡೆ, ಆದರೂ ಎಂಥ ನಿರಾಳ!

ಈಸ್ಟರ್ ದಿನ ಇಲ್ಲಿ ಶಿಲುಬೆಯೇ ಮನೆಮನೆಗೆ ಬರುತ್ತದೆ. ನಾವು ಉಳಿದುಕೊಂಡಿರುವ ಮನೆಯ ಒಡತಿ ಗ್ರಾಸಾ ಹೊಸ್ತಿಲಿಗೆ ಹೂವಿನ ಪಕಳೆ ಹಾಸಿ ಕಾದಿದ್ದರು. ಗಂಟೆ ಬಾರಿಸುತ್ತ ಕೆಂಪು ನಿಲುವಂಗಿಯ ಚರ್ಚಿನವರು ಶಿಲುಬೆ ಹೊತ್ತು ಬಂದರು. ಎಲ್ಲರೂ ಶಿಲುಬೆಗೆ ಮುತ್ತಿಟ್ಟರು, ನಾನೂ ಇಟ್ಟೆ. ಎಷ್ಟು ಚೆಂದದ ಕ್ಷಣ! ನನ್ನ ಮುದ್ದು ಗಂಡ ಸಂಗಮೇಶ ಅದರ ಫೋಟೊವನ್ನು ಸ್ಟೇಟಸ್‌ಗೆ ಹಾಕಿಬಿಟ್ಟ. ಊರಲ್ಲಿ, ಇಂಡಿ ಪಟ್ಟಣದಲ್ಲಿರುವ ಅತ್ತೆ ಅದನ್ನು ನೋಡಿಯೂಬಿಟ್ಟರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೊಸ ಸೊಸೆ, ಶಿಲುಬೆಗೆ ಮುತ್ತು! ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಸಂಜೆ ಅವರ ಫೋನ್ ಬಂತು.

"ಮನಿಗಿ ಬಂದ ದೇವ್ರ ಮುಂದ ಏನ್ ಇಟ್ಟಿ?"

"ಏನೂ ಇಲ್ರಿ ಅತ್ತಿ."

"ಅಯ್ಯ ಯವ್ವಾ! ಮೊಹರಂ ದೇವ್ರ ಮುಂದ ನಾವು ಸಕ್ರಿ ಇಟ್ಟು ಓದಸಂಗಿಲ್ಲೇನು? ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಿಸ್ಲಿಲ್ಲ? ನಾ ಕಟ್ಟಿಕೊಟ್ಟ ಶೇಂಗಾ ಹೋಳಿಗಿ ನೀವಿಬ್ರೇ ತಿಂದ್ರೇನು?"

ಆಮೇಲೆ ಮೆಲ್ಲಗೆ, "ಫೋಟೊದಾಗ ಛಲೋ ಕಾಣಸ್ತಿ. ತಲಿ ಮ್ಯಾಲ ಸೆರಗಿಲ್ಲ, ಅಷ್ಟ."

ಡಬ್ಬಿಯಲ್ಲಿ ಎರಡೇ ಹೋಳಿಗೆ ಉಳಿದಿದ್ದವು. ಕೆಳಗಿಳಿದು ಗ್ರಾಸಾಗೆ ಕೊಟ್ಟೆ. ಒಂದು ತುಣುಕು ಬಾಯಿಗಿಟ್ಟು ಅವರು ಕಣ್ಣು ಮುಚ್ಚಿಕೊಂಡರು. ಇದನ್ನು ಅತ್ತೆಗೆ ಹೇಳಲೇಬೇಕು. ಅಲ್ಲಿ ಈಗ ನಡುರಾತ್ರಿ. ಆದರೂ ಹೇಳದೆ ನನಗೆ ನಿದ್ದೆ ಹೇಗೆ…