ಅಪ್ಪ ಕೊಟ್ಟ ಗಂಟೆ

ಹಳಿಯಾಳ
೩ ಸೆಪ್ಟೆಂಬರ್ ೨೦೨೪

ಸಹನಾಳ ಅಪ್ಪನಿಗೆ,

ನಿರ್ಮಲಾಳ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರೂ ಫೋನ್ ಹಿಡಿದರೆ ಎರಡನೇ ಮಾತಿಗೇ ಜಗಳ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಸಿಟ್ಟು ಬಂದರೂ ಕೊನೆಯ ತನಕ ಓದಲೇಬೇಕು.

ನಾನು ದಾಂಡೇಲಿಯ ಮನೆ ಬಿಟ್ಟು ಮಗಳನ್ನು ಕಟ್ಟಿಕೊಂಡು ತವರಿಗೆ ಬಂದದ್ದು ಯಾಕೆಂದು ನಿಮಗೆ ಗೊತ್ತು. ಡಾಕ್ಟರು ಆಟಿಸಂ ಎಂದ ದಿನ ನೀವು "ಇಂಥಾಕಿ ಸಾಲಿಗಿ ಹೋಗಿ ಏನ್ ಮಾಡೂದೈತಿ? ಮನ್ಯಾಗ ಇರಲಿ" ಅಂದಿರಿ. ಅದೊಂದು ಮಾತು ನನಗೆ ನುಂಗಲು ಆಗಲಿಲ್ಲ.

ಇಲ್ಲಿಯೂ ಮೊದಮೊದಲು ಸಹನಾ ಶಾಲೆಯ ಗೇಟಿನ ತನಕ ಬಂದು ವಾಂತಿ ಮಾಡಿಕೊಳ್ಳುತ್ತಿದ್ದಳು. ಗಂಟೆ ಯಾವಾಗ ಬಡಿದೀತೋ ಎಂಬ ಹೆದರಿಕೆಗೆ ಪಾಠದುದ್ದಕ್ಕೂ ಕಿವಿಯ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಅವಳ ತರಗತಿಯ ಗೋದುಬಾಯಿ ಅಕ್ಕೋರು ಬೈಯಲಿಲ್ಲ. ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ, "ಗಂಟಿ ಯಾವಾಗ ಆಗತೈತಿ ಗೊತ್ತಿಲ್ಲಂತ ಅಂಜತಾಳ ನೋಡ್ರಿ. ಆಕಿ ಕೈಯಾಗ ಕೊಟ್ಟುಬಿಡೂಣು" ಅಂದರು. ವರಾಂಡದಲ್ಲಿ ತೂಗುಹಾಕಿದ ಕಬ್ಬಿಣದ ತುಂಡು, ಅದಕ್ಕೊಂದು ಸುತ್ತಿಗೆ. ಸುತ್ತಿಗೆ ಇವಳ ಪಾಲಿಗೆ ಬಂತು. ತಾನೇ ಬಡಿಯುವ ಗಂಟೆಗೆ ಏನು ಹೆದರಿಕೆ? ವಾಂತಿ ನಿಂತಿತು. ಕೈ ಕಿವಿಯಿಂದ ಇಳಿದು ಪಾಟಿಯ ಮೇಲೆ ಬಂತು. "ಬಡೀಲೇನ್ರಿ?" ಎಂದು ಅಕ್ಕೋರನ್ನು ತಾನಾಗಿ ಕೇಳಿದಳಂತೆ. ಮನೆಯವರನ್ನು ಬಿಟ್ಟು ಬೇರೆಯವರ ಹತ್ತಿರ ಅವಳು ಆಡಿದ ಮೊದಲ ಮಾತು ಅದು. ಅವತ್ತು ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ.

ಇದನ್ನೆಲ್ಲ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಳೆ ಎಂದಷ್ಟೇ ಹೇಳಿ ಬಿಗುಮಾನದಲ್ಲಿ ಕೂತೆ. ನೀವೋ, ಊರವರೆಲ್ಲ ಶಾಲೆಗೆ ಫ್ಯಾನು, ಕಪಾಟು ಕೊಟ್ಟು ಹೆಸರು ಬರೆಸುವಂತೆ, ಕರೆಂಟಿನ ಗಂಟೆ ಕೊಂಡು ಕಳಿಸಿದಿರಿ. ಕಾರ್ಖಾನೆಯ ಪಾಳಿ ಬಿಟ್ಟು ಬರಲಾಗದೆ ನಿಮ್ಮ ಪಕ್ಕದ ಮನೆಯ ಜ್ಯೋತಿಬಾ ಅಣ್ಣನ ಕೈಯಲ್ಲಿ. ಸ್ವಾತಂತ್ರ್ಯ ದಿನ ಅದಕ್ಕೆ ಕಾಯಿ ಒಡೆದು ಹೂವು ಹಾಕಿದರು. ಕೆಳಗೆ ಕೆಂಪು ಬಣ್ಣದಲ್ಲಿ ನಿಮ್ಮ ಹೆಸರು. ನೀವು ಬಾಯಿಬಿಟ್ಟು ಹೇಳಲಾರದೆ ಇದ್ದದ್ದನ್ನು ಹೀಗೆ ಹೇಳುತ್ತಿದ್ದೀರಿ ಎಂದು ನನಗೆ ಅರ್ಥವಾಯಿತು. ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಗಂಟೆ ಹೊತ್ತಿಗೆ ಸರಿಯಾಗಿ ತಾನೇ ಬಡಿದುಕೊಳ್ಳುತ್ತದೆ. ಯಾರನ್ನೂ ಕೇಳುವುದಿಲ್ಲ. ಮೊದಲ ಸಲ ಬಡಿದಾಗ ಸಹನಾ ಅದರ ಕೆಳಗೇ ಸುತ್ತಿಗೆ ಹಿಡಿದು ನಿಂತಿದ್ದಳು. ಕಿರುಚಿ ನೆಲಕ್ಕೆ ಬಿದ್ದಳು, ಲಂಗ ಒದ್ದೆಯಾಯಿತು, ಮಕ್ಕಳು ನಕ್ಕರು. ಆವತ್ತಿನಿಂದ ಶಾಲೆಯ ಓಣಿಗೇ ಕಾಲಿಡುತ್ತಿಲ್ಲ. ಅಕ್ಕೋರು ದಿನಾ ಮನೆಗೆ ಬಂದು ಹತ್ತಿರ ಕೂರುತ್ತಾರೆ. ಇವಳು ಗೋಡೆಗೆ ಮುಖ ಮಾಡುತ್ತಾಳೆ. ಗಂಟೆ ಚೆನ್ನಾಗಿದೆ ಎಂದು ನಾನು ಫೋನಿನಲ್ಲಿ ನಿಮಗೆ ಹೇಳಿದೆನಲ್ಲ, ಆಗ ಅವಳು ಮಂಚದ ಕೆಳಗಿದ್ದಳು.

ಗಂಟೆ ಬಿಚ್ಚಿಸಿ ಎಂದು ಹೆಡ್‌ಮಾಸ್ತರ್ ಕರಿಬಸಪ್ಪನವರನ್ನು ಕೇಳಿಕೊಂಡೆ. "ದಾನಿಗಳು ಕೊಟ್ಟದ್ದನ್ನ ನಾವು ಹೆಂಗ ಬಿಚ್ಚೂಣ್ರಿ? ಅವರಿಗಿ ಅವಮಾನ ಆಗತೈತಿ. ಅವರ ಒಪ್ಪಿಗಿ ಬರಲಿ" ಅಂದರು. ದಸರಾ ಸೂಟಿ ಶುರುವಾಗುವುದರೊಳಗೆ ಮಗಳು ಶಾಲೆಗೆ ಬರದಿದ್ದರೆ ಮನೆಯಲ್ಲೇ ಕಲಿಸುತ್ತೇನೆಂದು ನಾನು ಸಹಿ ಮಾಡಬೇಕಂತೆ. ಅಂದು ನೀವು ಹೇಳಿದ್ದು ಅದನ್ನೇ ಅಲ್ಲವೇ? ಚುಚ್ಚುತ್ತಿಲ್ಲ. ಅಳುತ್ತ ಬರೆಯುತ್ತಿದ್ದೇನೆ.

ಒಪ್ಪಿಗೆ ಇದೆ ಎಂದು ಎರಡು ಸಾಲು ಬರೆದು ಅಂಚೆಗೆ ಹಾಕಿ. ಗಂಟೆ ಕೊಟ್ಟವರು ಯಾರೆಂದು ನಾನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮ,
ನಿರ್ಮಲಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಾನು ಹೇಳಿಲ್ಲ ಎಂಬುದು ನಿಜ. ಆದರೆ ಗೋದುಬಾಯಿ ಅಕ್ಕೋರು ಆಕೆಗೆ ಓದಲು ಕಲಿಸಿಬಿಟ್ಟಿದ್ದಾರೆ. ಆವತ್ತೇ ಗಂಟೆಯ ಕೆಳಗಿನ ನಿಮ್ಮ ಹೆಸರನ್ನು ಓದಿಕೊಂಡು ಬಂದಿದ್ದಾಳೆ. ನೀವು ಫೋನ್ ಮಾಡಿ ಮಗಳಿಗೆ ಕೊಡು ಅಂದಾಗಲೆಲ್ಲ ಮಲಗಿದ್ದಾಳೆ ಎನ್ನುತ್ತೇನಲ್ಲ, ಅವಳು ಮಲಗಿರುವುದಿಲ್ಲ. ಅಪ್ಪ ಎಂದೊಡನೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಒಪ್ಪಿಗೆಯ ಕಾಗದ ಕಳಿಸಬೇಡಿ. ನೀವೇ ಬಂದು, ಅವಳಿಗೆ ಕಾಣುವ ಹಾಗೆ ಆ ಗಂಟೆ ಬಿಚ್ಚಿ.